ಬಿಸಿನೀರಿನಲ್ಲಿ ಫಟೀಗ್ ಆಯುಸ್ಸು: ತಾಪಮಾನ ಬದಲಾಗುತ್ತಲೇ ಇದ್ದರೆ ಲೆಕ್ಕ ಹೇಗೆ?

ಪ್ರಶ್ನೆ: ರಿಯಾಕ್ಟರಿನ ಸ್ಟೇನ್‌ಲೆಸ್ ಸ್ಟೀಲ್ ಪೈಪಿನ ಫಟೀಗ್ (ಎಳೆತ ಮತ್ತೆ ಮತ್ತೆ ಏರಿಳಿದು ಲೋಹ ಬಿರುಕುಬಿಡುವುದು) ಲೆಕ್ಕ ಮಾಡುತ್ತಿದ್ದೇನೆ. ನೀರಿನ ಪರಿಣಾಮಕ್ಕೆ ಎಫ್‌ಇಎನ್ ಗುಣಕ (ನೀರಿನಲ್ಲಿ ಆಯುಸ್ಸು ಎಷ್ಟು ಪಟ್ಟು ಕುಗ್ಗುತ್ತದೆ ಎನ್ನುವ ಸಂಖ್ಯೆ) ಹಾಕಬೇಕು. ಆದರೆ ಒಂದೇ ಸೈಕಲ್ಲಿನಲ್ಲಿ (ಒಂದು ಏರಿಳಿತದಲ್ಲಿ) ತಾಪಮಾನವೂ ಸ್ಟ್ರೈನ್ ರೇಟೂ (ಎಳೆದಾಗ ಲೋಹ ಉದ್ದವಾಗುವ ವೇಗ) ಬದಲಾಗುತ್ತವೆ. ಯಾವುದನ್ನು ಹಿಡಿಯಲಿ? ಮಾಡಿದವರು ಹೇಳಿ.

ಉತ್ತರ 1: ನಾನು ಮೊದಲ ಸಲ ಅತಿ ಹೆಚ್ಚಿನ ತಾಪಮಾನ, ಅತಿ ನಿಧಾನದ ರೇಟ್ ಹಾಕಿ ಕೈತೊಳೆದುಕೊಂಡೆ. ಪೈಪ್ ಕಾಗದದ ಮೇಲೆ ಯಾವಾಗಲೋ ಸತ್ತುಹೋಗಿತ್ತು! ಸುರಕ್ಷಿತ ದಾರಿ ನಿಜ, ಆದರೆ ಲೆಕ್ಕ ಪಾಸಾಗುವುದಿಲ್ಲ.

ಉತ್ತರ 2: ಸ್ಟ್ರೈನ್ ಏರುವ ಭಾಗವನ್ನು ಸಣ್ಣ ತುಂಡು ಮಾಡಿ. ಪ್ರತಿ ತುಂಡಿಗೂ ಆ ಕ್ಷಣದ ತಾಪಮಾನ, ಆ ಕ್ಷಣದ ರೇಟ್ ಹಾಕಿ ಗುಣಕ ತೆಗೆಯಿರಿ. ಆಮೇಲೆ ಸರಾಸರಿ. ಇಲ್ಲಿಯೇ ನಾನು ಎಡವಿದ್ದು: ಸರಾಸರಿಯ ತೂಕ ಸಮಯದ್ದಲ್ಲ, ಸ್ಟ್ರೈನಿನದ್ದು. ಅಂದರೆ ಯಾವ ತುಂಡಿನಲ್ಲಿ ಸ್ಟ್ರೈನ್ ಹೆಚ್ಚು ಏರಿತೋ ಅದಕ್ಕೆ ಹೆಚ್ಚು ತೂಕ.

ಒಂದು ಉದಾಹರಣೆ. 300 ಡಿಗ್ರಿಯಲ್ಲಿ, ಆಮ್ಲಜನಕ ಕಡಿಮೆ ಇರುವ ನೀರಿನಲ್ಲಿ, ಸೆಕೆಂಡಿಗೆ 0.4% ರೇಟ್ ಆದರೆ ಗುಣಕ ಸುಮಾರು 2. ಸೆಕೆಂಡಿಗೆ 0.0004% ಆದರೆ ಸುಮಾರು 10. ಸ್ಟ್ರೈನ್ ಒಟ್ಟು 0.6% ಏರಿತು ಅನ್ನಿ. ಮೊದಲ 0.4% ವೇಗವಾಗಿ, ಒಂದೇ ಸೆಕೆಂಡಿನಲ್ಲಿ. ಉಳಿದ 0.2% ನಿಧಾನವಾಗಿ, 500 ಸೆಕೆಂಡ್. ಸಮಯದ ತೂಕ ಹಾಕಿದರೆ ಉತ್ತರ ಹೆಚ್ಚುಕಡಿಮೆ 10. ಸ್ಟ್ರೈನಿನ ತೂಕ ಹಾಕಿದರೆ 4.7. ಅರ್ಧಕ್ಕರ್ಧ ವ್ಯತ್ಯಾಸ, ಅಲ್ವಾ?

ಸೂತ್ರಗಳು ಅಮೆರಿಕದ ಪರಮಾಣು ನಿಯಂತ್ರಣ ಸಂಸ್ಥೆ ಎನ್‌ಆರ್‌ಸಿಯ 6909 ವರದಿಯಲ್ಲಿವೆ. 2007ರದ್ದು ಬೇಡ, 2018ರ ಪರಿಷ್ಕೃತ ಆವೃತ್ತಿ ನೋಡಿ. ಎರಡನ್ನೂ ಬೆರೆಸಬೇಡಿ.

ಉತ್ತರ 3: ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಬಿಸಿ ಪೈಪಿಗೆ ತಣ್ಣೀರು ನುಗ್ಗಿದಾಗ ಒಳಮೈ ಕುಗ್ಗಲು ನೋಡುತ್ತದೆ, ಎಳೆತ ಏರುತ್ತದೆ. ಅಂದರೆ ಎಳೆತ ಏರುವಾಗ ಲೋಹ ತಣ್ಣಗಾಗುತ್ತಾ ಇರುತ್ತದೆ. ಸೈಕಲ್ಲಿನ ಅತಿ ಹೆಚ್ಚಿನ ತಾಪಮಾನ ಹಿಡಿದರೆ ನೀರಿಗೆ ಸುಮ್ನೆ ಜಾಸ್ತಿ ದಂಡ ಹಾಕಿದಂತೆ. 100 ಡಿಗ್ರಿಗಿಂತ ಕೆಳಗಿನ ತುಂಡುಗಳಿಗೆ ಗುಣಕ 1, ಅಷ್ಟೇ. ಬಿಸಿನೀರು ನುಗ್ಗಿದಾಗ ಉಲ್ಟಾ: ಒಳಮೈ ಹಿಗ್ಗಲಾಗದೆ ಅದುಮಿಕೊಳ್ಳುತ್ತದೆ, ಎಳೆತ ಏರುವುದಿಲ್ಲ, ಹಾಗಾಗಿ ಆ ಭಾಗ ಲೆಕ್ಕಕ್ಕಿಲ್ಲ.

ಪ್ರಶ್ನೆ ಕೇಳಿದವರು: ಅಂದರೆ ತಾಪಮಾನ, ಸ್ಟ್ರೈನ್ ಎರಡೂ ಒಂದೇ ಗಡಿಯಾರದಲ್ಲಿ ಬೇಕು. ನನ್ನ ಬಳಿ ಪೀಕ್ (ಗರಿಷ್ಠ) ಬೆಲೆಗಳಷ್ಟೇ ಇವೆ.

ಉತ್ತರ 2: ಹಾಗಿದ್ದರೆ ಥರ್ಮಲ್ ಲೆಕ್ಕವನ್ನು ಮತ್ತೆ ಓಡಿಸಿ, ಬೇರೆ ದಾರಿ ಇಲ್ಲ. ಇನ್ನೊಂದು ತಲೆನೋವು ಕಾದಿದೆ: ಸೈಕಲ್ಲಿನ ಕಣಿವೆ (ಸ್ಟ್ರೈನಿನ ಅತಿ ಕೆಳಗಿನ ಬಿಂದು) ಒಂದು ಘಟನೆಯದ್ದು, ಪೀಕ್ ತಿಂಗಳ ನಂತರದ್ದು ಆಗಿರಬಹುದು. ನಡುವಿನ ದಾರಿ ಕಾಗದದ ಮೇಲೆ ಇರುವುದೇ ಇಲ್ಲ. ನಾನು ಎರಡೂ ಘಟನೆಗಳ ಏರುವ ಭಾಗಗಳನ್ನಷ್ಟೇ ತೆಗೆದುಕೊಂಡು ಸರಾಸರಿ ಮಾಡಿದೆ. ಯಾಕೆ ಹಾಗೆ ಮಾಡಿದೆ ಅಂತ ವರದಿಯಲ್ಲಿ ಬರೆದಿಟ್ಟೆ. ಪರಿಶೀಲಕರು ಮೊದಲು ಕೇಳಿದ್ದೇ ಅದನ್ನು.