ಸಂತೇಲಿ ಫೋಟೋ ತೆಗೆದ್ರೆ ಜೈಲಾ? ತೋಟದಮನೆ ಬಳಗದ ಗ್ರೂಪಲ್ಲಿ ಜಗಳ

ಜಯಂತಿ ಚಿಕ್ಕಮ್ಮ: (ಹಲವು ಬಾರಿ ಫಾರ್ವರ್ಡ್ ಆಗಿದೆ) ⚠️ ಎಚ್ಚರಿಕೆ!! ಸಂತೆ, ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರ ಫೋಟೋ ತೆಗೆದರೆ ಹೊಸ ಕಾನೂನಿನಲ್ಲಿ 3 ವರ್ಷ ಜೈಲು. ಕಪ್ಪು ಬಿಳುಪು ಮಾಡಿದರೂ ಬಿಡುವುದಿಲ್ಲ. ಎಲ್ಲರಿಗೂ ಕಳಿಸಿ 🙏

ಜಯಂತಿ ಚಿಕ್ಕಮ್ಮ: ದೀಪು ನೋಡು. ಪ್ರತಿ ಶುಕ್ರವಾರ ಮಡಿಕೇರಿ ಸಂತೇಲಿ ಕ್ಯಾಮೆರಾ ಹಿಡ್ಕೊಂಡು ತಿರುಗ್ತೀಯಲ್ಲ.

ಲೋಕೇಶ್ ಭಾವ: ಯಾವ ಕಾನೂನು, ಯಾವ ಸೆಕ್ಷನ್? ಮೆಸೇಜಲ್ಲಿ ಒಂದೂ ಇಲ್ಲ.

ದೊಡ್ಡಪ್ಪ: ಸೆಕ್ಷನ್ ಇರಲಿ ಬಿಡಲಿ, ಕೇಳದೆ ಇನ್ನೊಬ್ಬರ ಮುಖ ತೆಗೆಯೋದು ಸರಿಯಲ್ಲ. ನಮ್ಮ ಕಾಲದಲ್ಲಿ ಆ ಮರ್ಯಾದೆ ಇತ್ತು.

ಲೋಕೇಶ್ ಭಾವ: ಹುಡುಕಿದೆ. ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 77. 2024ರ ಜುಲೈ 1ರಿಂದ ಜಾರಿ. ಹಳೇ ಐಪಿಸಿಯ 354ಸಿ ಇದೇ, 2013ರಲ್ಲಿ ಸೇರಿಸಿದ್ದು. ಹೆಣ್ಣುಮಗಳು ಸ್ನಾನ, ಶೌಚದಂಥ ಖಾಸಗಿ ಸ್ಥಿತಿಯಲ್ಲಿರುವಾಗ, ಯಾರೂ ನೋಡಲ್ಲ ಅಂತ ನಂಬಿರೋ ಜಾಗದಲ್ಲಿ ಕದ್ದು ನೋಡಿದರೆ, ಚಿತ್ರ ತೆಗೆದರೆ ಮೊದಲ ಸಲಕ್ಕೆ 1ರಿಂದ 3 ವರ್ಷ. ಆ 3 ವರ್ಷ ಇಲ್ಲಿಂದ ಬಂದಿರೋದು. ತರಕಾರಿ ಕೊಳ್ಳುವವರ ಫೋಟೋಗೂ ಇದಕ್ಕೂ ಸಂಬಂಧ ಇಲ್ಲ.

ಜಯಂತಿ ಚಿಕ್ಕಮ್ಮ: ನಾನು ಏನು ಕಳಿಸಿದ್ರೂ ನಿಮಗೆ ತಪ್ಪೇ. ಕರ್ಪೂರದ ಮೆಸೇಜಿಗೂ ಹೀಗೇ ಮಾಡಿದ್ರಿ.

ದೀಪು: ದೊಡ್ಡಪ್ಪ, ಮೊದಲೇ ಕೇಳಿದ್ರೆ ಜನ ಬೆನ್ನು ನೆಟ್ಟಗೆ ಮಾಡಿ ನಿಂತುಬಿಡ್ತಾರೆ. ಚೌಕಾಸಿ ಮಾಡೋ ಕೈ ನಿಂತು ಹೋಗುತ್ತೆ. ಅದಕ್ಕೇ ತೆಗೆದ ತಕ್ಷಣ ಹತ್ತಿರ ಹೋಗಿ ಸ್ಕ್ರೀನ್ ತೋರಿಸ್ತೀನಿ. ಬೇಡ ಅಂದ್ರೆ ಅವರ ಎದುರೇ ಡಿಲೀಟ್. ಮಕ್ಕಳಾದ್ರೆ ಅಪ್ಪ ಅಮ್ಮನ್ನ ಮೊದಲು ಕೇಳ್ತೀನಿ. ತೋಟದ ಕೂಲಿಯವರ ಲೈನ್ ಮನೆ ಅಂಗಳಕ್ಕೆ ಕ್ಯಾಮೆರಾ ಒಯ್ಯಲ್ಲ, ಅದು ಬೀದಿ ಅಲ್ಲ, ಅವರ ಮನೆ.

ದೊಡ್ಡಪ್ಪ: ಕೂಲಿಯವರ ಸುಸ್ತಾದ ಮುಖ ಕಪ್ಪು ಬಿಳುಪು ಮಾಡಿ ಹಾಕಿದರೆ ಜನ ಆಹಾ ಅಂತಾರೆ. ಅವರಿಗೇನು ಸಿಕ್ತು?

ದೀಪು: ಆ ಮಾತು ನಿಜ. ಮುಖದ ಸುಕ್ಕು ಎದ್ದು ಕಾಣಲಿ ಅಂತ ಕಾಂಟ್ರಾಸ್ಟ್, ಕ್ಲಾರಿಟಿ ಜಾಸ್ತಿ ಮಾಡೋದನ್ನ ನಾನೂ ಒಪ್ಪಲ್ಲ. ಆದ್ರೆ ಸಂತೇಲಿ ಕಪ್ಪು ಬಿಳುಪಿಗೆ ಬೇರೆ ಕಾರಣ ಇದೆ. ನೀಲಿ ಟಾರ್ಪಾಲಿನ ಕೆಳಗೆ ಎಲ್ಲರ ಮುಖವೂ ನೀಲಿ. ಹಾಗೇ ಬಣ್ಣ ತೆಗೆದರೂ ಚರ್ಮ ಕಲೆಕಲೆಯಾಗಿ ಕಪ್ಪಾಗುತ್ತೆ. ರಾ ಫೈಲಲ್ಲಿ (ಕ್ಯಾಮೆರಾ ತಿದ್ದದೆ ಕೊಡೋ ಮೂಲ ಫೈಲು) ಮೊದಲು ವೈಟ್ ಬ್ಯಾಲೆನ್ಸ್, ಅಂದ್ರೆ ಬೆಳಕಿನ ಬಣ್ಣ, ಸರಿ ಮಾಡಿ, ಆಮೇಲೆ ಕಪ್ಪು ಬಿಳುಪಿಗೆ ತರಬೇಕು.

ಯಶವಂತಣ್ಣ: ಇದೆಲ್ಲ ಯಾಕೆ ಮಾರಾಯ್ತಿ. ಆಗ ಸ್ಟುಡಿಯೋ ಹಿಂದಿನ ಕತ್ತಲೆ ಕೋಣೇಲಿ ಕೆಂಪು ಬಲ್ಬ್ ಹಚ್ಚಿ ರೋಲ್ ತೊಳೀತಿದ್ರು. ಫೋಟೋ ತೊಳೆಯೋ ಹೈಪೋ ದ್ರಾವಣದ ವಾಸನೆ ಬೀದಿಗೇ ಬರ್ತಿತ್ತು. ಅವೇ ಫೋಟೋ.

ದೀಪು: ಕೆಂಪು ಬಲ್ಬ್ ಪ್ರಿಂಟ್ ಹಾಕೋ ಪೇಪರಿಗೆ ಅಣ್ಣ. ನೆಗೆಟಿವ್ ಫಿಲ್ಮಿಗೆ ಕೆಂಪು ಬೆಳಕೂ ತಾಗುತ್ತೆ, ಪೂರ್ತಿ ಕತ್ತಲೇಲೇ ರೀಲಿಗೆ ಸುತ್ತಬೇಕು. ಎಚ್‌ಪಿ5 ಪ್ಲಸ್ ಫಿಲ್ಮನ್ನ ಐಎಸ್ಒ (ಬೆಳಕಿಗೆ ಸ್ಪಂದಿಸೋ ವೇಗ) 400ರಲ್ಲಿ ತೆಗೆದಿದ್ರೆ ಐಡಿ-11 ಡೆವಲಪರ್ ನೀರು ಬೆರೆಸದೆ, 20 ಡಿಗ್ರೀಲಿ ಏಳೂವರೆ ನಿಮಿಷ. ಮಳೆಗಾಲದಲ್ಲಿ 1600ಕ್ಕೆ ಏರಿಸಿದ್ರೆ 14 ನಿಮಿಷ. ಇಲ್ಲಿ ಆಗ ನಲ್ಲಿ ನೀರು 20ಕ್ಕಿಂತ ತಣ್ಣಗಿರುತ್ತೆ, ನೋಡದೆ ಹಾಕಿದ್ರೆ ನೆಗೆಟಿವಲ್ಲಿ ಚಿತ್ರ ತೆಳ್ಳಗೆ, ಮಸುಕಾಗಿ ಬರುತ್ತೆ. ಡೆವಲಪರ್ ಡಬ್ಬಿಯನ್ನ ಬೆಚ್ಚಗಿನ ನೀರಿನ ಬೋಗುಣೀಲಿ ಇಡಬೇಕು.

ಯಶವಂತಣ್ಣ: ಸರಿ ಬಿಡು. ಆದ್ರೆ ದೊಡ್ಡಪ್ಪ, ಮೈಸೂರಿನ ಟಿ.ಎಸ್. ಸತ್ಯನ್ ಜನಸಾಮಾನ್ಯರನ್ನ ಕಪ್ಪು ಬಿಳುಪಲ್ಲಿ ತೆಗೆದೇ ಹೆಸರಾದವರು. 1977ರಲ್ಲಿ ಪದ್ಮಶ್ರೀ.

ದೊಡ್ಡಪ್ಪ: ಸತ್ಯನ್ ಮಾತು ಬೇರೆ. ನೀನು ನನ್ನ ಹಳೇ ಕ್ಯಾಮೆರಾ ಒಯ್ದವನು ಇನ್ನೂ ವಾಪಸ್ ಕೊಟ್ಟಿಲ್ಲ.

ಯಶವಂತಣ್ಣ: ಲೆನ್ಸಿಗೆ ಫಂಗಸ್ ಹಿಡಿದಿತ್ತು ಅಂತ ಆಗಲೇ ಹೇಳಿದ್ದೆ.

ದೀಪು: ಚರ್ಮದ ಚೀಲದಲ್ಲೇ ಇಟ್ಟಿದ್ರೆ ಹಿಡಿಯದೆ ಇರುತ್ತಾ? ಗಾಳಿ ಆಡದ ಡಬ್ಬಿ, ತೇವ ಹೀರೋ ಸಿಲಿಕಾ ಜೆಲ್ ಹರಳು, ತೇವ 40ರಿಂದ 50 ಪರ್ಸೆಂಟ್. ನೀಲಿ ಹರಳು ಗುಲಾಬಿ ಆದ್ರೆ ಬಿಸಿ ಮಾಡಿ ಒಣಗಿಸಬೇಕು.

ಲೋಕೇಶ್ ಭಾವ: ನನ್ನ ಫೋಟೋದಲ್ಲಿ ಮುಖ ಬಿಟ್ಟು ಹಿಂದಿನ ಛತ್ರಿಗೇ ಫೋಕಸ್ ಹೋಗುತ್ತಲ್ಲ, ಯಾಕೆ?

ದೀಪು: ಆಟೋ ಫೋಕಸ್ ಆಫ್ ಮಾಡಿ ಭಾವ. ಫುಲ್ ಫ್ರೇಮಲ್ಲಿ (ದೊಡ್ಡ ಸೆನ್ಸರಿನ ಕ್ಯಾಮೆರಾ) 35 ಎಂಎಂ ಲೆನ್ಸ್, ಲೆನ್ಸಿನ ಕಿಂಡಿ ಎಫ್/8, ಫೋಕಸ್ 3 ಮೀಟರಿಗೆ ಇಟ್ಟುಬಿಡಿ. ಸುಮಾರು 1.9ರಿಂದ 7 ಮೀಟರ್ ತನಕ ಎಲ್ಲ ಚೆನ್ನಾಗಿ ಕಾಣುತ್ತೆ. ಷಟರ್ 1/250 ಸೆಕೆಂಡಿಗಿಂತ ನಿಧಾನ ಬೇಡ, ನಡೆಯುವವರ ಕಾಲು ಅಲುಗುತ್ತೆ. ಟಾರ್ಪಾಲ್ ಕೆಳಗೆ ಐಎಸ್ಒ 1600 ಬೇಕಾಗಬಹುದು. ಮಂಜಿದ್ರೆ ಒಂದು ಸ್ಟಾಪ್ ಜಾಸ್ತಿ (ಬೆಳಕು ಎರಡರಷ್ಟು) ಕೊಡಿ, ಇಲ್ಲಾಂದ್ರೆ ಕ್ಯಾಮೆರಾದ ಬೆಳಕಿನ ಮೀಟರ್ ಬಿಳಿ ಮಂಜನ್ನ ಬೂದು ಬಣ್ಣ ಮಾಡಿಬಿಡುತ್ತೆ. ಕರೀ ಕುಪ್ಪಸ (ಕೊಡವ ಗಂಡಸರ ನಿಲುವಂಗಿ) ತೊಟ್ಟವರೇ ಫ್ರೇಮ್ ತುಂಬಿದ್ರೆ ತಿರುಗಾಮುರುಗಾ, ಒಂದು ಸ್ಟಾಪ್ ಕಮ್ಮಿ.

ಯಶವಂತಣ್ಣ: ಮದುವೆ ಫೋಟೋದಲ್ಲಿ ಕುಪ್ಪಸದ ಮೇಲೆ ನಡುವಿಗೆ ಕಟ್ಟಿದ ಕೆಂಪು ಚೇಲೆ ಕಾಣಲೇ ಇಲ್ಲ ನೋಡು.

ದೀಪು: ಕಡು ಕೆಂಪು ಕಪ್ಪು ಬಿಳುಪಿಗೆ ಬಂದ್ರೆ ಕರೀ ಕುಪ್ಪಸದ ಹತ್ತಿರಕ್ಕೇ ಇಳಿಯುತ್ತೆ, ನಡುಕಟ್ಟು ಮಾಯ. ಎಡಿಟ್ ಮಾಡುವಾಗ ಕೆಂಪು ಸ್ಲೈಡರ್ ಮಾತ್ರ ಏರಿಸಿ. ಕಿತ್ತಳೆ ಮುಟ್ಟಬೇಡಿ, ಮುಖ ಬಿಳಿಚಿಕೊಳ್ಳುತ್ತೆ. ಫಿಲ್ಮ್ ಆದ್ರೆ ಕಿತ್ತಳೆ ಫಿಲ್ಟರ್ ಹಾಕಬೇಕು.

ಜಯಂತಿ ಚಿಕ್ಕಮ್ಮ: ದಸರಾ ಮಂಟಪದ ಮುಂದೆ ನಾನು ಆಕಳಿಸೋ ಫೋಟೋ ಯಾರನ್ನ ಕೇಳಿ ಹಾಕಿದೆ? ನನಗೆ ಸ್ಕ್ರೀನ್ ತೋರಿಸಿದ್ಯಾ?

ದೀಪು: ಅದನ್ನ ಹಾಕಿದ್ದು ಯಶವಂತಣ್ಣ, ಚಿಕ್ಕಮ್ಮ.

ದೊಡ್ಡಪ್ಪ: ನೋಡಿ, ಮನೆಯವರಿಗೇ ಬೇಜಾರಾಗಿದೆ. ಸಂತೆಯವರು ಹೇಳೋದು ಯಾರ ಹತ್ತಿರ?

ಯಶವಂತಣ್ಣ: ತೆಗೆದೆ. ಗ್ಯಾಲರಿಯಿಂದಲೂ ತೆಗೆದೆ ಅತ್ತೆ.

ಜಯಂತಿ ಚಿಕ್ಕಮ್ಮ: ಆ ಜೈಲು ಮೆಸೇಜ್ ಸಂಘದ ಗ್ರೂಪಿಗೂ ಹಾಕಿಬಿಟ್ಟಿದ್ದೀನಿ. ಈಗ ಏನು ಬರೀಲಿ?

ಲೋಕೇಶ್ ಭಾವ: ಸೆಕ್ಷನ್ 77 ಖಾಸಗಿ ಜಾಗದ್ದು, ಸಂತೆಗೆ ಸಂಬಂಧ ಇಲ್ಲ ಅಂತ ಬರೀರಿ.

ದೊಡ್ಡಪ್ಪ: ಕೇಳಿ ತೆಗೀಬೇಕು ಅಂತಲೂ ಸೇರಿಸು.

ದೀಪು: ತೆಗೆದು ತೋರಿಸಬೇಕು ಅಂತ, ದೊಡ್ಡಪ್ಪ.

ದೊಡ್ಡಪ್ಪ: ಕೇಳಿ ತೆಗೀಬೇಕು ಅಂತಲೇ ಬರಿ ಜಯಂತಿ.