ಗೆದ್ದಲು ತಿಂದದ್ದು ಗೊತ್ತಿದ್ದರೂ ಕಣಜ ಕುಸಿದದ್ದಕ್ಕೆ ಮಾಟವನ್ನು ದೂರುವುದೇಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಆಫ್ರಿಕದ ಅಝಾಂದೆ ಜನರ ಕುರಿತು ಮಾನವಶಾಸ್ತ್ರಜ್ಞ ಇ. ಇ. ಇವಾನ್ಸ್-ಪ್ರಿಚರ್ಡ್ ಅವರು 1937ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಸ್ನಾತಕೋತ್ತರ ತರಗತಿಗಾಗಿ ಓದುತ್ತಿದ್ದೇನೆ. ಧಾನ್ಯದ ಕಣಜ ಕುಸಿದು, ಅದರ ನೆರಳಿನಲ್ಲಿ ಕುಳಿತವರಿಗೆ ಪೆಟ್ಟಾದರೆ, ಕಂಬಗಳನ್ನು ಗೆದ್ದಲು ತಿಂದಿತ್ತೆಂಬುದು ಆ ಜನರಿಗೆ ಚೆನ್ನಾಗಿ ತಿಳಿದಿರುತ್ತದೆ. ಆದರೂ ಅದನ್ನು ಮಾಟವೆಂದೇ ಹೇಳುತ್ತಾರೆ. ಕಾರಣ ಕಣ್ಣೆದುರಿಗೇ ಇರುವಾಗ ಇನ್ನೊಂದು ಕಾರಣ ಏಕೆ ಬೇಕಾಯಿತು? ಕೋಳಿಮರಿಗೆ ವಿಷ ಕುಡಿಸಿ ಸತ್ಯ ತಿಳಿಯುವ ಅವರ ಪದ್ಧತಿ ಎಷ್ಟೋ ಸಲ ತಪ್ಪಿರಲೇಬೇಕು. ಅದರಿಂದ ನಂಬಿಕೆ ಏಕೆ ಸಡಿಲವಾಗಲಿಲ್ಲ? ಇದನ್ನೆಲ್ಲ ಸುಸಂಬದ್ಧ ವಿಚಾರವೆಂದು ವಿವರಿಸಿದರೆ ಮೂಢನಂಬಿಕೆಯನ್ನು ಸಮರ್ಥಿಸಿದಂತಾಗುವುದಿಲ್ಲವೇ ಎಂಬ ಅಳುಕೂ ನನಗಿದೆ.

ಉತ್ತರ 1

ಮೊದಲಿಗೆ ಒಂದು ಸ್ಪಷ್ಟನೆ. ನೀವು ಮಾಟವೆಂದದ್ದನ್ನು ಅಝಾಂದೆಗಳು ‘ಮಂಗು’ ಎನ್ನುತ್ತಾರೆ, ಅದು ಮಂತ್ರ ಹಾಕಿ ಮಾಡಿಸುವ ಮಾಟವಲ್ಲ. ಅದು ಕೆಲವರ ಹೊಟ್ಟೆಯೊಳಗೆ ಹುಟ್ಟಿನಿಂದಲೇ ಇರುವ, ತಂದೆಯಿಂದ ಗಂಡುಮಕ್ಕಳಿಗೂ ತಾಯಿಯಿಂದ ಹೆಣ್ಣುಮಕ್ಕಳಿಗೂ ಇಳಿದುಬರುವ ವಸ್ತು ಎಂದು ಅವರು ನಂಬುತ್ತಿದ್ದರು.

ಕಣಜದ ಉದಾಹರಣೆಯಲ್ಲಿ ಎರಡು ಸಂಗತಿಗಳಿವೆ. ಗೆದ್ದಲು ತಿಂದ ಕಂಬ ಎಂದಾದರೊಂದು ದಿನ ಮುರಿಯುತ್ತದೆ. ಬಿಸಿಲು ಹೆಚ್ಚಾದಾಗ ಜನರು ಕಣಜದ ಕೆಳಗೆ ಕುಳಿತು ಮಾತನಾಡುತ್ತಾರೆ, ನಮ್ಮ ಅಳಗುಳಿಮಣೆಯನ್ನು ಹೋಲುವ ಕುಳಿಯಾಟ ಆಡುತ್ತಾರೆ. ಇವೆರಡೂ ಅಝಾಂದೆಗಳಿಗೆ ಗೊತ್ತು. ಆದರೆ ಇವರೇ ಅಲ್ಲಿ ಕುಳಿತಿದ್ದಾಗಲೇ ಅದು ಕುಸಿದದ್ದೇಕೆ? ನಾವು ಇದನ್ನು ಆಕಸ್ಮಿಕವೆಂದು ಕರೆದು ಅಲ್ಲಿಗೇ ಬಿಡುತ್ತೇವೆ. ಅವರು ಬಿಡುವುದಿಲ್ಲ, ಮಂಗುವನ್ನು ಹೇಳುವುದು ಆ ಜಾಗದಲ್ಲಿ ಮಾತ್ರ. ಬೇಟೆಯಲ್ಲಿ ಮೊದಲ ಈಟಿ ಎಸೆದವನ ಜೊತೆಗೆ ಎರಡನೆಯ ಈಟಿ ಎಸೆದವನಿಗೂ ಮಾಂಸದಲ್ಲಿ ಪಾಲುಂಟು. ಅದರಂತೆ ಒಬ್ಬನನ್ನು ಆನೆ ಕೊಂದರೆ ಆನೆಯೇ ಮೊದಲ ಈಟಿ, ಮಂಗು ಎರಡನೆಯ ಈಟಿ ಎನ್ನುತ್ತಾರೆ. ಎರಡನೆಯ ಕಾರಣವು ಮೊದಲನೆಯದನ್ನು ಅಳಿಸುವುದಿಲ್ಲ. ಸುಳ್ಳು ಹೇಳಿದವನಾಗಲಿ ವ್ಯಭಿಚಾರ ಮಾಡಿದವನಾಗಲಿ ‘ಮಂಗು ಹೀಗೆ ಮಾಡಿಸಿತು’ ಎಂದರೆ ಯಾರೂ ಒಪ್ಪುತ್ತಿರಲಿಲ್ಲ ಎಂಬುದನ್ನೂ ಗಮನಿಸಿ. ಇಂಥ ಸಮಾಜಗಳಲ್ಲಿ ತರ್ಕಕ್ಕೂ ಹಿಂದಿನ ಮನಸ್ಸಿದೆ ಎಂಬ ಫ್ರೆಂಚ್ ಚಿಂತಕ ಲೆವಿ-ಬ್ರೂಲ್ ಅವರ ವಾದಕ್ಕೆ ಇದಕ್ಕಿಂತ ಸಮರ್ಥವಾದ ಉತ್ತರವನ್ನು ನಾನು ಕಂಡಿಲ್ಲ.

ಉತ್ತರ 2

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಬೇಕಾದರೆ ‘ಬೆಂಗೆ’ ಎಂಬ ವಿಷಪರೀಕ್ಷೆ ನಡೆಯುವ ಕ್ರಮವನ್ನು ಹತ್ತಿರದಿಂದ ನೋಡಬೇಕು. ಕಾಡಿನ ಬಳ್ಳಿಯೊಂದರಿಂದ ತಯಾರಿಸಿದ ಕೆಂಪು ಪುಡಿಯನ್ನು ನೀರಿನಲ್ಲಿ ಕಲಸಿ ಕೋಳಿಮರಿಯ ಬಾಯಿಗೆ ಹಾಕುತ್ತಾರೆ. ‘ಇಂಥವನೇ ಕಾರಣನಾಗಿದ್ದರೆ ಕೋಳಿ ಸಾಯಲಿ’ ಎಂದು ವಿಷವನ್ನೇ ಸಂಬೋಧಿಸಿ ಕೇಳುತ್ತಾರೆ. ಒಂದು ಕೋಳಿ ಸತ್ತ ಮಾತ್ರಕ್ಕೆ ತೀರ್ಪು ಮುಗಿಯುವುದಿಲ್ಲ. ಎರಡನೆಯ ಕೋಳಿಗೆ ಅದೇ ಪ್ರಶ್ನೆಯನ್ನು ತಿರುವುಮುರುವಾಗಿ, ‘ಅವನೇ ಕಾರಣನಾಗಿದ್ದರೆ ಇದು ಬದುಕಲಿ’ ಎಂದು ಕೇಳಬೇಕು. ಎರಡೂ ಸತ್ತರೆ ಅಥವಾ ಎರಡೂ ಬದುಕಿದರೆ ಉತ್ತರ ಸಿಂಧುವಲ್ಲ. ವಿಷ ಹಾಕುವವನು ಹೆಣ್ಣಿನ ಸಂಗವನ್ನೂ ಕೆಲವು ಆಹಾರಗಳನ್ನೂ ಬಿಟ್ಟಿರಬೇಕು.

ಪರೀಕ್ಷೆ ತಪ್ಪಿತೆಂದು ಕಂಡಾಗ ಕೊಡುವ ವಿವರಣೆಗಳು ಈ ಕ್ರಮದೊಳಗೇ ಸಿದ್ಧವಾಗಿರುತ್ತವೆ: ಬೇರೆ ಬಳ್ಳಿಯನ್ನು ತಂದಿರಬೇಕು, ವಿಷ ಹಳೆಯದಾಗಿರಬೇಕು, ವ್ರತ ಕೆಟ್ಟಿರಬೇಕು, ಇಲ್ಲವೇ ಮಂಗುವೇ ಅಡ್ಡ ಬಂದಿರಬೇಕು. ಒಂದು ಪರೀಕ್ಷೆ ಕೆಟ್ಟಿತೆಂದು ಒಪ್ಪಿದಷ್ಟೂ ಪದ್ಧತಿ ಇನ್ನಷ್ಟು ಗಟ್ಟಿಯಾಗುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಪ್ರಯಾಣ ಕೇಡೆಂದು ಬೆಂಗೆ ಹೇಳಿದರೆ ಕೇಳಿದವನು ಹೊರಡುವುದೇ ಇಲ್ಲ. ಹೊರಟಿದ್ದರೆ ಏನಾಗುತ್ತಿತ್ತೆಂದು ತಿಳಿಯುವ ಬಗೆ ಯಾವುದು? ಕಾಯಿಲೆಗೆ ಕಾರಣ ಯಾರ ಮಂಗು ಎಂಬ ಉತ್ತರವನ್ನು ಒರೆಗೆ ಹಚ್ಚಲು ಬೇರೆ ಸಾಧನವೂ ಇರಲಿಲ್ಲ.

ಉತ್ತರ ಬಂದ ಮೇಲೆ ನಡೆಯುವುದನ್ನೂ ಓದಿ. ಸತ್ತ ಕೋಳಿಯ ರೆಕ್ಕೆಯನ್ನು ಆರೋಪಿಯ ಮುಂದೆ ಇಡುತ್ತಾರೆ. ಆತ ಸೋರೆಬುರುಡೆಯ ನೀರನ್ನು ಬಾಯಿಗೆ ತೆಗೆದುಕೊಂಡು ರೆಕ್ಕೆಯ ಮೇಲೆ ಊದಿ, ತನ್ನಲ್ಲಿ ಮಂಗು ಇರುವುದು ತನಗೆ ತಿಳಿಯದು, ಇದ್ದರೆ ಅದು ತಣ್ಣಗಾಗಲಿ, ರೋಗಿ ಗುಣವಾಗಲಿ ಎನ್ನುತ್ತಾನೆ. ಹೀಗೆ ಆತ ತಪ್ಪನ್ನು ಒಪ್ಪಿಕೊಂಡಂತೆಯೂ ಆಗಲಿಲ್ಲ, ಜಗಳಕ್ಕೆ ನಿಂತಂತೆಯೂ ಆಗಲಿಲ್ಲ. ನೆರೆಹೊರೆಯ ಬಾಳು ಮುಂದುವರಿಯಿತು. ಸಾವಿಗೆ ಸಂಬಂಧಿಸಿದ ವಿಷಯಗಳು ಇಷ್ಟು ಸಮಾಧಾನದಿಂದ ಮುಗಿಯುತ್ತಿರಲಿಲ್ಲ, ಅಲ್ಲಿ ಸೇಡಿನ ಮಾಟ ಬರುತ್ತಿತ್ತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಮಂಗು ಇದೆಯೇ ಇಲ್ಲವೇ ಎಂಬ ವಿಷಯದಲ್ಲಿ ಲೇಖಕರ ನಿಲುವೇನು?

ಉತ್ತರ 3

ಇಲ್ಲ ಎಂಬುದೇ ಅವರ ನಿಲುವು. ಅಝಾಂದೆಗಳು ಕಲ್ಪಿಸಿಕೊಂಡಂಥ ಮಂಗು ಉಳ್ಳವರು ಇರಲು ಸಾಧ್ಯವಿಲ್ಲ ಎಂದು ಅವರು ನೇರವಾಗಿಯೇ ಬರೆದಿದ್ದಾರೆ. ಅದೇ ಪುಸ್ತಕದಲ್ಲಿ, ತಮ್ಮ ಮನೆಯ ವ್ಯವಹಾರಗಳನ್ನು ಬೆಂಗೆಯ ಮಾತಿನಂತೆ ನಡೆಸಿದ್ದಾಗಿಯೂ ಆ ಕ್ರಮ ಬೇರೆ ಯಾವ ಕ್ರಮಕ್ಕೂ ಕಡಿಮೆಯಿರಲಿಲ್ಲವೆಂದೂ ಹೇಳಿದ್ದಾರೆ. ಆದ್ದರಿಂದ ನಿಮ್ಮ ಅಳುಕಿಗೆ ಕಾರಣ ನನಗೆ ಕಾಣುವುದಿಲ್ಲ. ಒಂದು ನಂಬಿಕೆ ಎಲ್ಲಿ ಕೆಲಸ ಮಾಡುತ್ತದೆ, ಯಾರ ಅಸೂಯೆ ಮತ್ತು ಯಾರ ಹಗೆತನ ಅದರ ಮೂಲಕ ಹೊರಬರುತ್ತದೆ ಎಂಬುದನ್ನು ಅರಿಯದವರು ಅದರಿಂದಾಗುವ ಹಿಂಸೆಯನ್ನು ತಡೆಯುವುದೂ ಕಷ್ಟ. ಆರೋಪ ಹೋಗುತ್ತಿದ್ದದ್ದು ಅಪರಿಚಿತರ ಮೇಲಲ್ಲ, ದಿನವೂ ಮುಖ ನೋಡುವ ನೆರೆಯವರ ಮೇಲೆ.

ಆಡಳಿತದ ಪಾತ್ರವನ್ನೂ ಮರೆಯಬಾರದು. ಅಂದಿನ ಆಂಗ್ಲೋ-ಈಜಿಪ್ಷಿಯನ್ ಸುಡಾನಿನ ಸರ್ಕಾರವು ತ್ಸೆತ್ಸೆ ನೊಣದಿಂದ ಹರಡುವ ನಿದ್ರಾರೋಗವನ್ನು ತಡೆಯಲೆಂದು, ದೂರದೂರ ಮನೆ ಕಟ್ಟಿಕೊಂಡಿದ್ದ ಅಝಾಂದೆಗಳನ್ನು ರಸ್ತೆಬದಿಯ ವಸತಿಗಳಿಗೆ ಒಟ್ಟುಗೂಡಿಸಿತು. ಹತ್ತಿರವಿದ್ದಷ್ಟೂ ಮಂಗು ಬೇಗ ತಾಗುತ್ತದೆ ಎಂದು ನಂಬಿದವರಿಗೆ ಅದು ಎಷ್ಟು ಕಳವಳ ತಂದಿರಬೇಕೆಂದು ಊಹಿಸಿ. ಇಂಥ ಕಾಲದಲ್ಲಿ ಬರೆದ ಪುಸ್ತಕದಲ್ಲಿ ವಸಾಹತು ಆಡಳಿತದ ಚರ್ಚೆ ಇಷ್ಟು ಕಡಿಮೆಯಿರುವುದು ಅದರ ದೊಡ್ಡ ಕೊರತೆ ಎಂಬುದು ನನ್ನ ಅಭಿಪ್ರಾಯ.

ಕನ್ನಡದ ಓದುಗರಿಗೆ ಇಲ್ಲಿ ಇನ್ನೊಂದು ಎಳೆಯೂ ಇದೆ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ಆಕ್ಸ್‌ಫರ್ಡ್‌ನಲ್ಲಿ ಮಾನವಶಾಸ್ತ್ರಜ್ಞರಾದ ರ‍್ಯಾಡ್‌ಕ್ಲಿಫ್-ಬ್ರೌನ್ ಮತ್ತು ಇವಾನ್ಸ್-ಪ್ರಿಚರ್ಡ್ ಇಬ್ಬರ ಬಳಿಯೂ ಅಧ್ಯಯನ ಮಾಡಿದವರು. ಕೊಡವರ ಆಚರಣೆಗಳ ಕುರಿತ ಅವರ ಗ್ರಂಥ 1952ರಲ್ಲಿ ಬಂದಿತು. ವಿಜ್ಞಾನವನ್ನು ಅಳತೆಗೋಲಾಗಿಟ್ಟು ಬೆಂಗೆಯನ್ನು ತೂಗಬಹುದೇ ಎಂಬ ಪ್ರಶ್ನೆ ನಿಮ್ಮನ್ನು ಕಾಡುತ್ತಿದ್ದರೆ, ತತ್ತ್ವಶಾಸ್ತ್ರಜ್ಞ ಪೀಟರ್ ವಿಂಚ್ ಅವರು 1964ರಲ್ಲಿ ಬರೆದ ಲೇಖನವನ್ನು ಮೊದಲು ಓದಿ, ಆಮೇಲೆ ಕಣಜದ ಅಧ್ಯಾಯಕ್ಕೆ ಹಿಂತಿರುಗಿ. ಅವರು ಇವಾನ್ಸ್-ಪ್ರಿಚರ್ಡ್ ಅವರನ್ನು ಮೆಚ್ಚುತ್ತಲೇ ಆ ಅಳತೆಗೋಲನ್ನು ಪ್ರಶ್ನಿಸುತ್ತಾರೆ, ಮತ್ತು ನನ್ನ ದೃಷ್ಟಿಯಲ್ಲಿ ಅವರ ಪ್ರಶ್ನೆ ಅವರ ಉತ್ತರಕ್ಕಿಂತ ಬಲವಾಗಿದೆ.