ಸಹಾಯ ಬೇಕು: ಆರಾಧನೆಯ ಲೈವ್ ನಿಲ್ಲಿಸಬೇಕಾ, ಬೇಡವಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಕರಾವಳಿಯ ಹಳೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಒಂದು ಚರ್ಚಿಗೆ ಸೇರಿದ ಕುಟುಂಬಗಳ ಬಳಗ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಆಮೇಲೆ ನೇಯ್ಗೆ, ಹೆಂಚಿನ ಕಾರ್ಖಾನೆ ಶುರು ಮಾಡಿದರಲ್ವಾ, ಅದರ ಸುತ್ತ ಬೆಳೆದ ಸಭೆಗಳಲ್ಲಿ ಒಂದು. ಆಗ ಕೆಲಸ, ಶಾಲೆ, ಚರ್ಚು ಎಲ್ಲ ಒಂದೇ ಕಡೆ ಇತ್ತು. ಈಗ ಕಾರ್ಖಾನೆ ಇಲ್ಲ. ಮಕ್ಕಳು ಬೆಂಗಳೂರು, ದುಬೈ ಸೇರಿದ್ದಾರೆ. ನಾನು ಸಂಡೇ ಸ್ಕೂಲ್ ಟೀಚರ್. ನನ್ನ ತರಗತಿಯಲ್ಲಿ ಉಳಿದಿರುವುದು ನಾಲ್ಕೇ ಮಕ್ಕಳು. ನೋಡಿದರೆ ತುಂಬಾ ಸಂಕಟ ಆಗುತ್ತದೆ.

ಮನೆಮನೆ ಪ್ರಾರ್ಥನೆ ಮಾಡಿದೆವು. ಎಲ್ಲರೂ ಪ್ರೀತಿಯಿಂದ ಮಾತಾಡಿಸಿದರು, ಭಾನುವಾರ ಮಾತ್ರ ಬರಲಿಲ್ಲ. ಯುವಜನರ ಕೂಟವನ್ನು ಶನಿವಾರ ಸಂಜೆಗೆ ಹಾಕಿ ನೋಡಿದೆವು. ಕ್ರಿಸ್‌ಮಸ್‌ಗೆ ಚರ್ಚು ತುಂಬುತ್ತದೆ, ಮುಂದಿನ ವಾರ ಮತ್ತೆ ಖಾಲಿ.

ಗೊಂದಲ ಇರುವುದು ಇಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಶುರುವಾದ ಭಾನುವಾರದ ಆರಾಧನೆಯ ಲೈವ್ (ನೇರ ಪ್ರಸಾರ) ಇನ್ನೂ ನಡೆಯುತ್ತಿದೆ. ನಡೆಯಲಾಗದ ಅಜ್ಜ ಅಜ್ಜಿಯರಿಗೆ ಅದೇ ಆಸರೆ. ಆದರೆ ಗಟ್ಟಿಮುಟ್ಟಾಗಿರುವವರೂ ಮನೆಯಲ್ಲೇ ಕೂತು ನೋಡುತ್ತಾರೆ. ಹೀಗಿರುವಾಗ ಹೊಸಬರನ್ನು ಯಾವ ಬಾಯಿಂದ ಕರೆಯಲಿ?

ನಿಮ್ಮ ಸಭೆಯಲ್ಲಿ ಲೈವ್ ನಿಲ್ಲಿಸಿದವರು ಯಾರಾದರೂ ಇದ್ದೀರಾ? ನಿಲ್ಲಿಸಿದ ಮೇಲೆ ಜನ ಬಂದರಾ? ಹಿರಿಯರಿಗೆ ಅದರ ಬದಲು ಏನು ಮಾಡಿದಿರಿ?